ಉಪ್ಪಿಲು ಹಿಡಿದ ನೆಲ್ಲಿಮರ: ಬಿಳಿಗಿರಿಯಲ್ಲಿ ನಾಲ್ಕು ದಿನ

ಮೊದಲನೆಯ ದಿನ

ಫೆಬ್ರುವರಿಯ ಮೂರನೆಯ ವಾರದಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಕಾಡು ನೋಡಲು ಹೊರಟಿದ್ದೇವೆಂದು ಹೇಳಿದಾಗ ಮನೆಯವರೂ ನೆರೆಯವರೂ ನಕ್ಕರು. ಮಳೆ ಮುಗಿದು ಗಿಡಮರಗಳೆಲ್ಲ ತೊಳೆದಿಟ್ಟಂತಿರುವ ಅಕ್ಟೋಬರಿನಲ್ಲಿ ಹೋಗಬೇಕಾದ ಜಾಗಕ್ಕೆ ಎಲೆಯೆಲ್ಲ ಉದುರಿದ ಮೇಲೆ ಹೋಗುವುದೆಂದರೆ ಜಾತ್ರೆ ಮುಗಿದ ಮಾರನೆಯ ದಿನ ತೇರುಬೀದಿಗೆ ಹೋದ ಹಾಗೆ ಎಂಬುದು ಅವರ ಮಾತು. ಕಾಲವನ್ನು ಆರಿಸಿದವನು ನಾನಲ್ಲ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ನನ್ನ ಸ್ನೇಹಿತ. ಎಲೆ ತುಂಬಿದ ಕಾಲದಲ್ಲಿ ಎಲ್ಲ ಮರಗಳೂ ಚೆನ್ನಾಗಿಯೇ ಕಾಣುತ್ತವೆ, ಮೈ ನೋಡಬೇಕಾದರೆ ಅಂಗಿ ಕಳಚಿದಾಗಲೇ ನೋಡಬೇಕು ಎಂದು ಅವನು ಹಟ ಹಿಡಿದ.

ಮೈಸೂರಿನಿಂದ ನರಸೀಪುರ, ಸಂತೇಮರಹಳ್ಳಿ ದಾಟಿ ಯಳಂದೂರು ಮುಟ್ಟುವ ಹೊತ್ತಿಗೆ ಹನ್ನೆರಡಾಗಿತ್ತು. ಬೆಟ್ಟದ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಪೇಟೆಯಲ್ಲಿ ತಟ್ಟೆ ಇಡ್ಲಿ ತಿಂದು, ಮೇಲೆ ಹಣ ತೆಗೆಯುವ ಯಂತ್ರವನ್ನು ನಂಬಿಕೊಳ್ಳಬೇಡಿ ಎಂದು ಹೋಟೆಲಿನವರು ಹೇಳಿದ್ದಕ್ಕೆ ಕೈಗೊಂದಿಷ್ಟು ನೋಟು ತೆಗೆದಿಟ್ಟುಕೊಂಡೆವು. ಗುಂಬಳ್ಳಿ ದಾಟಿದ ಮೇಲೆ ಗದ್ದೆ ತೋಟಗಳು ತೀರಿ, ಕೃಷ್ಣಯ್ಯನ ಕಟ್ಟೆಯ ನೀರು ಒಂದು ಕ್ಷಣ ಹೊಳೆದು ಮರೆಯಾಗಿ, ಅರಣ್ಯ ಇಲಾಖೆಯ ಗೇಟು ಬಂದಿತು. ಸಂಜೆಯಾದ ಮೇಲೆ ಈ ಗೇಟು ಯಾರಿಗೂ ತೆರೆಯುವುದಿಲ್ಲವಾದ್ದರಿಂದ ಸ್ವಂತ ವಾಹನದಲ್ಲಿ ಬರುವವರು ಬೆಳಕಿರುವಾಗಲೇ ಇಲ್ಲಿಗೆ ತಲುಪುವಂತೆ ನೋಡಿಕೊಳ್ಳಬೇಕು. ನಮ್ಮ ಮುಂದೆಯೇ ಒಂದು ಕಾರಿನವರು ಗೇಟಿನ ನೌಕರನೊಡನೆ ವಾದಕ್ಕಿಳಿದಿದ್ದರು. ಅವರ ಜಗಳವೆಲ್ಲ ಕಾರಿನೊಳಗೆ ಹಾಕಿದ್ದ ಹಾಡಿನ ಸದ್ದಿನ ಕುರಿತಾಗಿತ್ತು.

ಗೇಟಿನಿಂದಾಚೆಗಿನದು ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು ನಾಡುಕಾಡು ಎಂದು ಕರೆಯುವ ಒಣ ಕಾಡು. ದಿಂಡಿಗ, ಮತ್ತಿ, ಹೊನ್ನೆ ಎಲ್ಲವೂ ಬರಿಗೊಂಬೆಗಳಾಗಿ ನಿಂತಿದ್ದವು. ನಡುನಡುವೆ ಮುತ್ತುಗದ ಮರಗಳು ಮಾತ್ರ ಒಂದೆಲೆಯೂ ಇಲ್ಲದೆ ಕೆಂಪಗೆ ಹೂ ಹೊತ್ತಿದ್ದವು. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ನನಗೆ ಆ ಬೋಳು ಕಾಡಿನ ನಡುವೆ ಅಲ್ಲಲ್ಲಿ ತಲೆಯ ತುಂಬ ಹಸಿರು ಹೊತ್ತ ಸಣ್ಣ ಮರಗಳು ಕಂಡು ಸಂತೋಷವಾಯಿತು. ಇಂಥ ಬಿಸಿಲಲ್ಲೂ ಸೋಲದ ಮರಗಳು ಎಂದು ಬರೆದು, ಮೊಬೈಲಿನ ಸಂಕೇತ ಕೊನೆಯುಸಿರೆಳೆಯುವ ಮುನ್ನ ಒಂದು ಚಿತ್ರವನ್ನು ಮನೆಯ ಗುಂಪಿಗೆ ಕಳಿಸಿಯೂ ಬಿಟ್ಟೆ. ಸ್ನೇಹಿತ ಅದನ್ನು ನೋಡಿ ಏನೂ ಹೇಳಲಿಲ್ಲ. ರಾತ್ರಿ, ಮೇಲಿನ ವಸತಿಗೃಹದಲ್ಲಿ ಮುದ್ದೆಗೆ ಅವರೆಕಾಳಿನ ಸಾರು ಸುರಿದುಕೊಂಡು ಕುಳಿತಿದ್ದಾಗ ಆ ಚಿತ್ರವನ್ನು ಹಿಗ್ಗಿಸಿ ನೋಡು ಎಂದ. ನೋಡಿದೆ. ಹಸಿರು ಕೊಂಬೆಯ ತುದಿಯಲ್ಲಿರಲಿಲ್ಲ, ಕೊಂಬೆಯ ನಡುವೆ ಗಂಟುಗಂಟಾಗಿ ಕಾಗೆಯ ಗೂಡಿನಂತೆ ಕುಳಿತಿತ್ತು. ಮರಕ್ಕೆ ತನ್ನದೆಂಬ ಎಲೆ ಒಂದೂ ಇರಲಿಲ್ಲ. ಅದು ನೆಲ್ಲಿಮರ, ಹಸಿರಾಗಿರುವುದು ಅದನ್ನು ತಿನ್ನುತ್ತಿರುವ ಬಂದಳಿಕೆ ಎಂದು ಹೇಳಿ ಅವನು ಇನ್ನೊಂದು ಮುದ್ದೆಗೆ ಕೈ ಒಡ್ಡಿದ.

ಹಗಲು ಸುಡುವ ಈ ತಿಂಗಳಲ್ಲೂ ಬೆಟ್ಟದ ರಾತ್ರಿಗೆ ಶಾಲು ಬೇಕು. ನಾನು ತಂದಿರಲಿಲ್ಲ. ಕಿಟಕಿಯ ಪರದೆಯನ್ನು ಬಿಚ್ಚಿ ಹೊದ್ದು ಮಲಗಿದೆ.

ಎರಡನೆಯ ದಿನ

ಬೆಳಿಗ್ಗೆ ಏಳಕ್ಕೆ ಹತ್ತಿರದ ಪೋಡಿನ ಯುವಕನೊಬ್ಬ ಬಂದ. ಸೋಲಿಗರ ಊರಿಗೆ ಇಲ್ಲಿ ಪೋಡು ಎನ್ನುತ್ತಾರೆ. ಮುತ್ತುಗದಗದ್ದೆ, ಸೀಗೆಬೆಟ್ಟ ಎಂದು ಗಿಡಮರಗಳ ಹೆಸರನ್ನೇ ಹೊತ್ತ ಪೋಡುಗಳೂ ಇವೆ. ಯುವಕ ನಮ್ಮನ್ನು ತನ್ನ ಸೋದರಮಾವನ ಮನೆಗೆ ಕರೆದೊಯ್ದ. ಮನೆಯ ಹಿಂದೆ ಕಾಫಿ, ಅದರ ಮೇಲೆ ಹಲಸು, ಸಿಲ್ವರ್ ಓಕು, ಬೇಲಿಯ ಮೇಲೆ ಮೆಣಸಿನ ಬಳ್ಳಿ. ಅಜ್ಜನಿಗೆ ವಯಸ್ಸೆಷ್ಟೆಂದು ಕೇಳಿದ್ದಕ್ಕೆ, ಕಾಡಿಗೆ ಬೋರ್ಡು ಹಾಕುವಾಗ ತನಗೆ ಮೀಸೆ ಬಂದಿತ್ತು ಎಂದ. ಬಿಳಿಗಿರಿಯನ್ನು ವನ್ಯಜೀವಿ ಧಾಮವೆಂದು ಸಾರಿದ್ದು 1974ರಲ್ಲಿ. ಅಲ್ಲಿಗೆ ಲೆಕ್ಕ ಹಾಕಿಕೊಂಡೆವು.

ನಾವು ಬಂದ ಕಾರಣ ತಿಳಿದು ಅಜ್ಜ ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಎದ್ದು ಹೊರಟುಬಿಟ್ಟ. ಅವನ ಹಿಂದೆ ಹೊರಟ ನಾವು ಹದಿನೈದು ನಿಮಿಷಗಳಲ್ಲಿ ಲಂಟಾನದ ಗವಿಯೊಳಗಿದ್ದೆವು. ಗವಿ ಎಂದದ್ದು ಉತ್ಪ್ರೇಕ್ಷೆಯಲ್ಲ. ಎರಡಾಳೆತ್ತರದ ಪೊದೆಗಳು ಎರಡೂ ಕಡೆಯಿಂದ ಬಾಗಿ ತಲೆಯ ಮೇಲೆ ಹೆಣೆದುಕೊಂಡಿದ್ದವು. ಆನೆಗಳು ನಡೆದಾಡಿ ಮಾಡಿದ ದಾರಿಯೊಂದೇ ಅಲ್ಲಿ ನಮಗೆ ದಾರಿ. ಎದುರಿಗೆ ಬರುವುದು ಆನೆಯೋ ಕರಡಿಯೋ ತಿಳಿಯುವಂತಿರಲಿಲ್ಲ, ಯುವಕ ಆಗಾಗ ನಿಂತು ಮೂಗೇರಿಸಿ ಗಾಳಿಯನ್ನು ಮೂಸುತ್ತಿದ್ದ. ಮುಳ್ಳು ತಗುಲಿ ನನ್ನ ಅಂಗಿಯ ತೋಳು ಉದ್ದಕ್ಕೆ ಸೀಳಿತು. ಈ ಕಾಡಿಗೆ ಬರುವವರು ದಪ್ಪ ಹತ್ತಿಯ ತುಂಬುತೋಳಿನ ಅಂಗಿಯನ್ನೇ ಹಾಕಿಕೊಳ್ಳಬೇಕು, ಅದೂ ಹಳೆಯದನ್ನು.

ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚೆಂದದ ಹೂವಿನ ಬೇಲಿಗಿಡವೆಂದು ತಂದು ನೆಟ್ಟ ಅಮೆರಿಕ ಖಂಡದ ಈ ಸಸ್ಯ ಇಲ್ಲಿಯವರೆಗೆ ನಡೆದು ಬಂದಿರುವುದು ಪಿಕಳಾರದಂಥ ಹಣ್ಣು ತಿನ್ನುವ ಹಕ್ಕಿಗಳ ಹೊಟ್ಟೆಯಲ್ಲಿ. ಕಡಿದರೆ ಬುಡದಿಂದ ಹತ್ತಾಗಿ ಚಿಗುರುತ್ತದೆ, ದನ ತಿಂದರೆ ಕಾಯಿಲೆ ಬೀಳುತ್ತದೆ, ಅದರ ನೆರಳಿನಲ್ಲಿ ಹುಲ್ಲು ಏಳುವುದಿಲ್ಲ. ಬಿಳಿಗಿರಿಯ ಕಾಡನ್ನು ಚೌಕಗಳಾಗಿ ಗುರುತಿಸಿ ಎಣಿಸಿದ ಸಂಶೋಧಕರಿಗೆ 1997ರಲ್ಲಿ ನೂರಕ್ಕೆ 41 ಚೌಕಗಳಲ್ಲಿ ಲಂಟಾನ ಸಿಕ್ಕಿತ್ತು. 2008ರಲ್ಲಿ ಅದೇ ಚೌಕಗಳಿಗೆ ಹಿಂದಿರುಗಿದಾಗ ಅದು 81 ಆಗಿತ್ತು. ಹನ್ನೊಂದೇ ವರ್ಷಗಳ ಅಂತರ. ಸ್ನೇಹಿತ ಈ ಅಂಕಿಗಳನ್ನು ಹೇಳುತ್ತಿದ್ದಾಗ ಅಜ್ಜ ನಿಂತು ಕೇಳಿಸಿಕೊಂಡು, "ಎಣ್ಸಕ್ಕೂ ದುಡ್ಡು ಕೊಡ್ತಾರಾ?" ಎಂದು ಕೇಳಿದ.

ಗವಿಯಿಂದ ಹೊರಬಂದದ್ದು ಒಂದು ಇಳಿಜಾರಿಗೆ. ಅಲ್ಲಿ ಲಂಟಾನದ ಸಮುದ್ರದಿಂದ ಎದೆಯ ಮಟ್ಟಕ್ಕೆ ಎದ್ದು ನಿಂತಂತೆ ನಲವತ್ತೈವತ್ತು ನೆಲ್ಲಿಮರಗಳಿದ್ದವು. ಸುಗ್ಗಿ ಮುಗಿಯುತ್ತ ಬಂದಿದ್ದರೂ ಎಲೆಯಿಲ್ಲದ ಕಡ್ಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಗೋಲಿಯಂತೆ ತೂಗುತ್ತಿತ್ತು. ಅಜ್ಜ ಒಂದು ಮರದ ಕೆಳಗೆ ನಿಂತು ದೋಟಿಯಿಂದ ಮೇಲಿನ ಹಸಿರು ಗಂಟನ್ನು ತಟ್ಟಿ, "ಇದು ಉಪ್ಪಿಲು" ಎಂದ. ನಿನ್ನೆ ನಾನು ಸೋಲದ ಮರವೆಂದು ಊರಿಗೆಲ್ಲ ಸಾರಿದ್ದು ಇದನ್ನೇ. ಸೋಲಿಗರ ಉಪ್ಪಿಲಿಗೆ ನಾಡಿನ ಕನ್ನಡದಲ್ಲಿ ಬಂದಳಿಕೆ, ಬದನಿಕೆ ಎಂಬ ಹೆಸರುಗಳಿವೆ. ಅದನ್ನು ಹಂಚುವ ಹಕ್ಕಿಗೂ ನಾವು ಬದನಿಕೆ ಹಕ್ಕಿ ಎಂದೇ ಹೆಸರಿಟ್ಟಿದ್ದೇವೆ. ಹೆಬ್ಬೆರಳಿನಷ್ಟಿರುವ ಆ ಹಕ್ಕಿಯನ್ನು ಆಗಲೇ ಕಂಡೆವು. ಚಿಕ್ ಚಿಕ್ ಎನ್ನುತ್ತ ಒಂದು ಗಂಟಿನಿಂದ ಹಾರಿ ಪಕ್ಕದ ಮರದ ಕೊಂಬೆಗೆ ಹೋಗಿ ಹಿಂಬದಿಯನ್ನು ಕೊಂಬೆಗೆ ಒರೆಸಿಕೊಂಡಿತು. ಅಂಟಂಟಾದ ಬೀಜ ಸುಲಭಕ್ಕೆ ಮೈಬಿಡುವುದಿಲ್ಲವಾದ್ದರಿಂದ ಹಕ್ಕಿ ಹೀಗೆ ಉಜ್ಜಲೇಬೇಕು, ಉಜ್ಜಿದಲ್ಲಿ ಬೀಜ ಅಂಟಿ ಬೇರನ್ನು ತೊಗಟೆಯೊಳಗೆ ಇಳಿಸುತ್ತದೆ. ನಾವು ನೋಡುತ್ತಿದ್ದಂತೆಯೇ ಇನ್ನೊಂದು ಮರಕ್ಕೆ ಸೋಂಕು ತಗುಲಿತ್ತು.

ಉಪ್ಪಿಲು ಪೂರ್ತಿ ಪರಾವಲಂಬಿಯಲ್ಲ. ಹಸಿರೆಲೆ ಇರುವುದರಿಂದ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ, ನೀರನ್ನೂ ಲವಣವನ್ನೂ ಮಾತ್ರ ಮರದಿಂದ ಎಳೆಯುತ್ತದೆ. ಕೆಡುಕು ಇರುವುದೂ ಅಲ್ಲಿಯೇ. ಬೇಸಿಗೆಯಲ್ಲಿ ನೆಲ್ಲಿ ಎಲೆ ಉದುರಿಸಿ ಇದ್ದ ನೀರನ್ನು ಜೋಪಾನ ಮಾಡಿಕೊಂಡರೆ, ಮೇಲೆ ಕುಳಿತ ಅತಿಥಿ ಎಲೆ ಬಿಚ್ಚಿಕೊಂಡು ಆ ನೀರನ್ನು ಹಗಲೆಲ್ಲ ಗಾಳಿಗೆ ಬಿಡುತ್ತಿರುತ್ತದೆ. ಉಪ್ಪಿಲು ಹೆಚ್ಚಾದ ನೆಲ್ಲಿಯಲ್ಲಿ ಕಾಯಿ ಕಡಿಮೆಯಾಗುವುದನ್ನೂ ಅಂಥ ಮರಗಳೇ ಹೆಚ್ಚಾಗಿ ಸಾಯುವುದನ್ನೂ ಇದೇ ಬೆಟ್ಟದಲ್ಲಿ ಅಳೆದು ನೋಡಿದ್ದಾರೆ. 2023ರಂತೆ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗುವ ವರ್ಷದಲ್ಲಿ ಇಂಥ ಮರಗಳ ಪಾಡೇನು ಎಂದು ಯೋಚಿಸುತ್ತ ನಾನು ಒಣಗಿದ ಕೊಂಬೆಯೊಂದನ್ನು ಮುರಿದೆ. ಕಡ್ಡಿಪುಡಿಯಂತೆ ಉದುರಿತು.

ಮೊದಲು ಇಷ್ಟು ಉಪ್ಪಿಲು ಇರಲಿಲ್ಲವೇ ಎಂದು ಕೇಳಿದೆ. ಅಜ್ಜ ನೆಲದ ತರಗೆಲೆಯನ್ನು ಕಾಲಿನಿಂದ ಕೆದಕಿದ.

"ಇತ್ತು ಕನಪ್ಪ, ಇಲ್ದೆ ಎಲ್ಲೋದದು? ಆಗ ತರಗು ಬೆಂಕಿ ಹಾಕ್ತಿದ್ದೊ. ಸಂಕ್ರಾಂತಿ ಕಳೀತಿದ್ದಂಗೆ, ಬುಡದಲ್ಲಿನ್ನೂ ಹಸಿ ಇರುವಾಗ. ಮೊಣಕಾಲುದ್ದದ ಬೆಂಕಿ, ಮಕ್ಕಳು ದಾಟ್ಕೊಂಡು ಹೋಗೋವು. ಹೊಗೆಗೂ ಶಾಖಕ್ಕೂ ಉಪ್ಪಿಲು ಬಾಡಿ ಉದುರೋಗದು. ನೆಲ್ಲಿಗೇನೂ ಆಗ್ತಿರ್ನಿಲ್ಲ. ಮಳೆ ಬಿದ್ರೆ ಹುಲ್ಲು, ಹುಲ್ಲಿಗೆ ಕಡವೆ, ಕಾಟಿ. ಈ ಲಂಟಾನನೂ ಆಗ ಗಿಡುಕ್ಕೊಂದು ಮೊಳಕೆ, ಬೆಂಕೀಲಿ ಹೋಗ್ಬುಡದು."

ಕಾಡಿಗೆ ಬೆಂಕಿ ಹಾಕುವುದು ಈಗ ಅಪರಾಧ. ಧಾಮವಾದ ಮೇಲೆ ಸೋಲಿಗರ ಕಾಡುಬೇಸಾಯ ನಿಂತಿತು, ಬೆಂಕಿ ನಿಂತಿತು, ಅವರನ್ನು ಪೋಡುಗಳಲ್ಲಿ ನೆಲೆಗೊಳಿಸಲಾಯಿತು. 2006ರಲ್ಲಿ ನೆಲ್ಲಿ, ಜೇನು, ಪಾಚಿ ಸಂಗ್ರಹಿಸಿ ಮಾರುವುದಕ್ಕೂ ತಡೆ ಬಿತ್ತು. 2011ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ಸಿಕ್ಕಿ, ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಪಡೆದ ದೇಶದ ಮೊದಲ ಸಮುದಾಯ ಅವರದಾಯಿತು. ಕಾಯಿ ಕೀಳುವ ಹಕ್ಕು ಹೀಗೆ ಮರಳಿದ್ದರಿಂದ ಮರಕ್ಕೂ ಒಂದು ಉಪಕಾರವಾಗಿದೆ. ಕಾಯಿ ಕೀಳಲು ಹತ್ತಿದವನು ಉಪ್ಪಿಲು ಹಿಡಿದ ಕೊಂಬೆಯನ್ನು ಕತ್ತಿಯಿಂದ ಸವರಿ ಇಳಿಯುತ್ತಾನೆ. ಯುವಕ ಹಾಗೆ ಮಾಡಿ ತೋರಿಸಿದ. ಮರಕ್ಕೆ ಕತ್ತಿ ಹಾಕಿದವನೆಂದು ಹೊರಗಿನಿಂದ ನೋಡಿದವರು ಬೈಯುವಂಥ ಕೆಲಸ, ಮರಕ್ಕೆ ಬೇಕಾಗಿರುವುದೂ ಅದೇ.

ಅಜ್ಜನ ಮಾತು ಕೇಳುತ್ತ ನನಗೆ ಎಲ್ಲವೂ ಬೆಂಕಿಯೊಂದರಿಂದ ಸರಿಹೋದೀತು ಎನಿಸಿತ್ತು. ಹಾಗಾದರೆ ಈಗ ಮತ್ತೆ ಹಾಕಬಹುದಲ್ಲ ಎಂದು ಕೇಳಿಯೂ ಬಿಟ್ಟೆ. ಅಜ್ಜ ನಾವು ನುಸುಳಿ ಬಂದ ಲಂಟಾನದ ಗವಿಯತ್ತ ಗಲ್ಲ ತಿರುಗಿಸಿದ.

"ಇದುಕ್ಕಾ? ಈಗ ಹಾಕುದ್ರೆ ಮೊಣಕಾಲುದ್ದ ನಿಂತ್ಕೊಂಡದಾ? ಮರದ ತಲೆಗಂಟ ಹತ್ಕೊಂಡೋಯ್ತದೆ. ನೆಲ್ಲಿನೂ ಉಳ್ಯಕ್ಕಿಲ್ಲ, ನಾವೂ ಉಳ್ಯಕ್ಕಿಲ್ಲ."

ನೆಲದಲ್ಲಿ ಹರಿಯುತ್ತಿದ್ದ ಬೆಂಕಿಗೆ ಲಂಟಾನ ಏಣಿಯಾಗಿ ನಿಂತಿದೆ. ಬೆಂಕಿ ನಿಂತದ್ದರಿಂದ ಬೆಳೆದ ಪೊದೆ ಈಗ ಬೆಂಕಿಯನ್ನು ಹಿಂದಕ್ಕೆ ಕರೆಸಿಕೊಳ್ಳಲು ಬಿಡುತ್ತಿಲ್ಲ. ಈ ಪ್ರವಾಸದಲ್ಲಿ ಕೇಳಿದ ಎಲ್ಲ ಮಾತುಗಳಲ್ಲಿ ಅಜ್ಜನ ಈ ಉತ್ತರವನ್ನೇ ನಾನು ಬಹಳ ದಿನ ಮೆಲುಕು ಹಾಕಿದೆ. ಹಳೆಯದನ್ನು ಹಾಗೆಯೇ ಮರಳಿ ತನ್ನಿ ಎನ್ನುವವರಿಗೂ, ಕಾಡನ್ನು ಸುಮ್ಮನೆ ಬಿಟ್ಟರೆ ತಾನೇ ಸರಿಹೋಗುತ್ತದೆ ಎನ್ನುವವರಿಗೂ ಅದು ಒಪ್ಪಿಗೆಯಾಗುವ ಉತ್ತರವಲ್ಲ.

ನೆಲ್ಲಿಯ ಸಸಿಗಳನ್ನು ಹುಡುಕುತ್ತ ಸ್ನೇಹಿತ ಆ ಇಳಿಜಾರಿನಲ್ಲಿ ಒಂದು ಗಂಟೆ ತಿರುಗಿದ. ಜಿಂಕೆ, ಕಡವೆಗಳು ಉದುರಿದ ಕಾಯಿ ತಿಂದು ಬೀಜ ಹಂಚುತ್ತವೆ. ಹಂಚಿದ ಬೀಜಕ್ಕೆ ಬಿಸಿಲು ಬೀಳುವ ನೆಲ ಬೇಕು. ಲಂಟಾನದ ಕೆಳಗೆ ಅವನಿಗೆ ಒಂದು ಸಸಿಯೂ ಸಿಗಲಿಲ್ಲ, ಬಂಡೆಯ ಬದಿಯ ತೆರಪಿನಲ್ಲಿ ಮೂರು ಸಿಕ್ಕವು. ಮೂರನ್ನೂ ಯಾವುದೋ ಪ್ರಾಣಿ ಮೇಯ್ದಿತ್ತು. ಇದು ಒಂದು ಇಳಿಜಾರಿನ ಮಾತು ಮಾತ್ರ ಎಂದು ಅವನೇ ಎಚ್ಚರಿಸಿದ. ಆದರೂ ತೊಟ್ಟಿಲಿಲ್ಲದ ಮುದುಕರ ಕೇರಿಯಲ್ಲಿ ನಿಂತಂತೆ ನನಗನ್ನಿಸಿತು.

ಹಿಂದಿರುಗುವ ದಾರಿಯಲ್ಲಿ ನಿಮ್ಮ ಮನೆಯಲ್ಲಿ ಮರವಿಲ್ಲವೇ ಎಂದು ಅಜ್ಜ ಕೇಳಿದ. ಹಿತ್ತಿಲಲ್ಲಿ ಒಂದು ಮಾವಿನಮರವಿದೆ, ನಾಲ್ಕು ವರ್ಷಗಳಿಂದ ಕಾಯಿ ಬಿಡುವುದು ಕಡಿಮೆಯಾಗಿದೆ, ಆದರೂ ಹಸಿರಾಗಿ ಚೆನ್ನಾಗಿದೆ ಎಂದೆ. ಅಜ್ಜ ನಕ್ಕನೇ ಹೊರತು ಏನನ್ನೂ ಹೇಳಲಿಲ್ಲ.

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಸುಟ್ಟ ನೂರೆಗೆಣಸು, ರಾಗಿ ರೊಟ್ಟಿ, ಹಸಿಮೆಣಸಿನಕಾಯಿಯೊಡನೆ ಅರೆದ ನೆಲ್ಲಿಕಾಯಿ ಚಟ್ನಿ. ಗೆಣಸನ್ನು ಅಗೆದ ಮೇಲೆ ಬಳ್ಳಿಯ ತಲೆಯನ್ನು ಅದೇ ಗುಂಡಿಯಲ್ಲಿ ಮತ್ತೆ ಹೂತು ಬರುತ್ತಾರಂತೆ. ರಾತ್ರಿ ಸ್ನಾನಕ್ಕಿಳಿದಾಗ ಸೊಂಟದ ಸುತ್ತ ಹದಿಮೂರು ಉಣ್ಣಿಗಳು ಸಿಕ್ಕವು. ಒಣ ಹುಲ್ಲಿನಲ್ಲಿ ಕುಳಿತು ಊರಿನ ಸುದ್ದಿ ಹೇಳಿದ್ದಕ್ಕೆ ಬಂದ ಬಹುಮಾನ. ಹೊರಡುವ ಮುನ್ನ ಕಾಲಿಗೆ ಬೇವಿನೆಣ್ಣೆ ಹಚ್ಚಿಕೊಳ್ಳಿ ಎಂದು ಯುವಕ ಬೆಳಿಗ್ಗೆಯೇ ಹೇಳಿದ್ದ, ವಾಸನೆಗೆ ಹೇಸಿ ನಾನು ಬೇಡವೆಂದಿದ್ದೆ.

ಮೂರನೆಯ ದಿನ

ಮೈತುಂಬ ಕೆರೆತ. ಆದರೂ ದೊಡ್ಡಸಂಪಿಗೆ ಎಂಬ ಹಳೆಯ ಮರದ ಬಳಿಗೆ ಹೋಗಲು ಇಲಾಖೆಯ ಅನುಮತಿ ಸಿಕ್ಕಿದ್ದ ದಿನವಾದ್ದರಿಂದ ಮಲಗುವಂತಿರಲಿಲ್ಲ. ಜೀಪು ಹತ್ತುತ್ತ ಹೋದಂತೆ ಕಾಡು ಬದಲಾಯಿತು. ಪಶ್ಚಿಮ ಘಟ್ಟಗಳೂ ಪೂರ್ವ ಘಟ್ಟಗಳೂ ಕೈ ಚಾಚುವ ಜಾಗ ಈ ಬೆಟ್ಟಸಾಲು. ಮುಂಗಾರು ಹಿಂಗಾರುಗಳೆರಡೂ ಇಲ್ಲಿಗೆ ಬರುತ್ತವೆ. ಅದಕ್ಕೇ ಅರ್ಧ ದಿನದ ಹಾದಿಯಲ್ಲಿ ಮುಳ್ಳುಕಾಡಿನಿಂದ ನಿತ್ಯಹಸಿರಿನವರೆಗೆ ಎಲ್ಲವೂ ಸಿಗುತ್ತದೆ. ಸೋಲಿಗರು ಇದನ್ನು ನಾಡುಕಾಡು, ಮಲೆಕಾಡು, ಕಾನುಕಾಡು, ಬೋಳಿ ಎಂದು ವಿಂಗಡಿಸಿ ಒಂದೊಂದರ ಗುಣವನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಸ್ನೇಹಿತನ ಪುಸ್ತಕದ ವಿಂಗಡಣೆಯೂ ಸುಮಾರಾಗಿ ಇದನ್ನೇ ಉದ್ದುದ್ದ ಹೆಸರುಗಳಲ್ಲಿ ಹೇಳುತ್ತದೆ.

ದಾರಿಯಲ್ಲಿ ಒಂದೆಡೆ ಜೀಪಿನ ರೇಡಿಯೇಟರು ಕುದಿದು ನಿಂತಿತು. ನೀರಿಗಾಗಿ ಚಾಲಕ ಹಳ್ಳಕ್ಕೆ ಇಳಿದಾಗ ರಸ್ತೆಯ ಪಕ್ಕದಲ್ಲೇ ಸಣ್ಣದೊಂದು ಗಂಧದ ಗಿಡವನ್ನು ಸ್ನೇಹಿತ ತೋರಿಸಿದ. ಗಂಧವೂ ಅರೆ ಪರಾವಲಂಬಿಯೇ, ಬೇರುಗಳಿಂದ ಅಕ್ಕಪಕ್ಕದ ಗಿಡಗಳ ಬೇರನ್ನು ಹಿಡಿದು ಹೀರಿಕೊಂಡು ಬದುಕುತ್ತದೆ. ನೆಲದ ಕೆಳಗೆ ಕದಿಯುವುದನ್ನು ದೇವರಿಗೆ ತೇಯ್ದು ಹಚ್ಚುತ್ತೇವೆ, ಕೊಂಬೆಯ ಮೇಲೆ ಕುಳಿತು ಕದಿಯುವುದನ್ನು ಬಂದಳಿಕೆ ಎಂದು ಬೈಗುಳವಾಗಿಸಿದ್ದೇವೆ ಎಂದು ಅವನು ನಕ್ಕ. ಗಂಧಕ್ಕೂ ತನ್ನದೇ ರೋಗವಿದೆ. ಎಲೆಗಳು ಸಣ್ಣಗಾಗಿ ಸೆಟೆದು ಕೊಂಬೆಗಳು ಮುಳ್ಳಿನ ಕದಿರಿನಂತಾಗುವ ಸ್ಪೈಕ್ ರೋಗವನ್ನು ಮೊದಲು ಗುರುತಿಸಿದ್ದು ಕೊಡಗಿನಲ್ಲಿ, 1899ರಲ್ಲಿ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ, ಜಿಗಿಹುಳುಗಳು ಹರಡುವ ಈ ರೋಗಕ್ಕೆ ಇಂದಿಗೂ ನೆಚ್ಚಬಹುದಾದ ಔಷಧಿಯಿಲ್ಲ. ನಾವು ಕಂಡ ಗಿಡ ಸದ್ಯಕ್ಕೆ ನೆಟ್ಟಗಿತ್ತು.

ದೊಡ್ಡಸಂಪಿಗೆಯ ಬಳಿ ಜೀಪಿನಿಂದಿಳಿದಾಗ ಮೊದಲು ತಿಳಿದದ್ದು ಕಿವಿಗೆ. ಕೆಳಗಿನ ಕಾಡಿನಲ್ಲಿ ಹೆಜ್ಜೆಯಿಟ್ಟರೆ ತರಗು ಹಪ್ಪಳದಂತೆ ಮುರಿಯುತ್ತಿತ್ತು, ಇಲ್ಲಿ ನೆಲ ಸದ್ದನ್ನೆಲ್ಲ ನುಂಗಿಕೊಂಡಿತು. ಭಾರ್ಗವಿ ತೊರೆ ಈ ಕಾಲದಲ್ಲೂ ಹರಿಯುತ್ತಿತ್ತು. ಅದರ ಪಕ್ಕದಲ್ಲಿ, ಒಂದು ಮರವೆನ್ನಬೇಕೋ ಹಲವು ಮರಗಳು ಕೂಡಿ ನಿಂತ ಗೋಪುರವೆನ್ನಬೇಕೋ ಎನ್ನುವಂತೆ ಆ ಸಂಪಿಗೆ ನಿಂತಿತ್ತು. ಸಾವಿರ ವರ್ಷ ಎನ್ನುವವರಿದ್ದಾರೆ, ಎರಡು ಸಾವಿರ ಎನ್ನುವವರೂ ಇದ್ದಾರೆ. ಬುಡದ ಸುತ್ತ ಲಿಂಗಗಳಂತೆ ನೆಟ್ಟ ಕಲ್ಲುಗಳಿಗೆ ಯಾರೋ ಅರಿಸಿನ ಹಚ್ಚಿ ಹೋಗಿದ್ದರು. ಸೋಲಿಗರಿಗೆ ಇದು ದೇವರ ನೆಲೆ. ರಂಗನಾಥ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದದ್ದರಿಂದ ಅವನನ್ನು ಭಾವ ಎಂದು ಕರೆಯುವ ಈ ಜನರಿಗೆ ದೇವರೊಡನೆ ಸಲಿಗೆ ಹೆಚ್ಚು, ಆದರೆ ಸಂಪಿಗೆಯ ಮುಂದೆ ನಮ್ಮ ಜೊತೆಗಿದ್ದ ಯುವಕ ಚಪ್ಪಲಿ ಬಿಟ್ಟು ಮಾತಿಲ್ಲದೆ ಕೈಮುಗಿದ.

ನಾನು ಹುಡುಕಿದ್ದು ಲಂಟಾನವನ್ನು. ಮರದ ನೆರಳಿರುವಷ್ಟು ದೂರ ಒಂದು ಕಡ್ಡಿಯೂ ಇರಲಿಲ್ಲ. ಬಿಸಿಲು ನೆಲ ಮುಟ್ಟದಂತೆ ಮೇಲೆ ಎಲೆಗಳು ಚಾವಣಿ ಹಾಕಿರುವಲ್ಲಿ ಅದು ತಲೆಯೆತ್ತಲಾರದು. ಆದರೆ ಐವತ್ತು ಹೆಜ್ಜೆ ಆಚೆ, ಎಂದೋ ಬಿದ್ದ ಮರವೊಂದರಿಂದ ಆಕಾಶ ತೆರೆದುಕೊಂಡಿದ್ದ ಜಾಗದಲ್ಲಿ ಕಿತ್ತಳೆ ಬಣ್ಣದ ಹೂಗೊಂಚಲು ನಗುತ್ತಿತ್ತು. ಇಂಥ ಕಾಡಿಗೆ ಬೆಂಕಿ ಬೇಡ, ಬಿದ್ದರೆ ತಾಳಿಕೊಳ್ಳುವ ದಪ್ಪ ತೊಗಟೆ ಇಲ್ಲಿಯ ಮರಗಳಿಗಿಲ್ಲ. ಕೆಳಗಿನ ಕರಿಮತ್ತಿಗೆ ಮೊಸಳೆಯ ಚರ್ಮದಂಥ ತೊಗಟೆ ಇದೆ, ಕೆಲವು ಮರಗಳು ಬೇಸಿಗೆಗೆಂದು ಒಡಲಲ್ಲಿ ನೀರನ್ನೂ ತುಂಬಿಕೊಂಡಿರುತ್ತವೆ. ಒಂದೇ ಬೆಟ್ಟದ ಎರಡು ಕಾಡುಗಳಲ್ಲಿ ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕುಳಿತು ಕಾಡಿಗೆಲ್ಲ ಒಂದೇ ಕಾನೂನು ಬರೆಯುವವರು ಇಲ್ಲಿ ಒಂದು ಮಧ್ಯಾಹ್ನ ಚಪ್ಪಲಿ ಬಿಟ್ಟು ನಿಂತರೆ ಒಳ್ಳೆಯದು.

ಸಂಜೆ ಇಳಿಯುವಾಗ ಬೆಂಕಿ ಕಾವಲಿನ ನಾಲ್ವರು ರಸ್ತೆಬದಿಯಲ್ಲಿ ಫೈರ್ ಲೈನು ಮಾಡುತ್ತಿದ್ದರು. ರಸ್ತೆಯ ಎರಡೂ ಬದಿಯ ಹುಲ್ಲನ್ನು ಸವರಿ, ಅದನ್ನೇ ಕಣ್ಣಳತೆಯಲ್ಲಿ ಸುಟ್ಟು, ಬೆಂಕಿ ದಾಟದಂತೆ ಕರಿ ಪಟ್ಟಿಯೊಂದನ್ನು ಎಳೆಯುತ್ತ ಹೋಗುವ ಕೆಲಸ. ಅವರಲ್ಲಿ ಮೂವರು ಸೋಲಿಗರೇ. ಇಪ್ಪತ್ತೈದರ ಆಸುಪಾಸಿನ ಒಬ್ಬನನ್ನು ತರಗು ಬೆಂಕಿಯ ವಿಷಯ ಕೇಳಿದೆ.

"ನಮ್ಮಪ್ಪ ಹಚ್ತಿದ್ದ ಸಾ, ನಾನು ಆರುಸ್ತೀನಿ. ಸಂಬಳ ಬರಾದು ನಂಗೆ" ಎಂದು ಅವನು ಹಲ್ಲು ಬಿಟ್ಟ. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಹಿರಿಯರು ಹೇಳುವುದು ಸುಳ್ಳಲ್ಲ, ಆದರೆ ಈಗ ಬೆಂಕಿ ಬೀಳುವುದು ಸಂಕ್ರಾಂತಿಯಲ್ಲಲ್ಲ, ಮಾರ್ಚಿಯಲ್ಲಿ, ಗಾಳಿ ಎದ್ದಾಗ, ಯಾರೋ ಹೊಟ್ಟೆಕಿಚ್ಚಿಗೋ ಬೀಡಿಗೋ ಹಚ್ಚಿದ್ದು ಎಂದ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಎದ್ದ ಬೆಂಕಿ ಅಂಥದೇ ಆಗಿತ್ತು. ಹಸಿ ಕೊಂಬೆಯಿಂದ ಬಡಿದು ಆರಿಸುವಾಗ ತನಗೆ ಕಾಣುವುದು ಸುಟ್ಟ ಸಸಿಗಳೇ ಎಂದೂ ಅವನು ಹೇಳಿದ. ಅವನ ಮಾತನ್ನು ತಳ್ಳಿಹಾಕಲಾರೆ. ನೆರೆಯ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರು ಕಾಡನ್ನು ಗುರುತಿಸಿ, ಬೆರಳು ಗಾತ್ರದ ಗಿಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ಯಾವುದು ಬೆಂಕಿಗೆ ಹೋಯಿತು, ಯಾವುದು ಬರಕ್ಕೆ, ಯಾವುದು ಆನೆಗೆ ಎಂದು ದಶಕಗಳಿಂದ ಲೆಕ್ಕ ಇಡುತ್ತಿರುವುದು ಇಂಥ ಪ್ರಶ್ನೆಗಳು ಒಂದು ಬೇಸಿಗೆಯಲ್ಲಿ ಬಗೆಹರಿಯುವಂಥವಲ್ಲ ಎಂಬುದಕ್ಕೇ.

ನಾಲ್ಕನೆಯ ದಿನ

ಹಿಂದಿರುಗಲು ಕ್ಯಾತೇದೇವರ ಗುಡಿಯ ಮೇಲಿನಿಂದ ಚಾಮರಾಜನಗರಕ್ಕೆ ಇಳಿಯುವ ಕಾಡುರಸ್ತೆ ಹಿಡಿದೆವು. ಯಳಂದೂರಿನ ದಾರಿಗಿಂತ ಇದು ನಿಧಾನ, ಆದರೆ ಕಾಟಿ, ಕಡವೆಗಳು ಕಾಣುವುದು ಇಲ್ಲಿಯೇ ಹೆಚ್ಚು. ನಮಗೆ ಸಿಕ್ಕಿದ್ದು ರಸ್ತೆಗೆ ಅಡ್ಡ ನಿಂತ ಒಂದೇ ಒಂದು ಕಾಟಿ, ಹತ್ತು ನಿಮಿಷ ಬಸ್ಸನ್ನು ನಿಲ್ಲಿಸಿತು.

ಆ ಹತ್ತು ನಿಮಿಷಗಳಲ್ಲಿ ಬಲಗಡೆ ಒಂದು ತುಂಡು ನೆಲ ಗಮನಕ್ಕೆ ಬಂತು. ಅಲ್ಲಿ ಲಂಟಾನ ತೆಗೆದಿದ್ದರು. ಬುಡದ ತಾಯಿಬೇರನ್ನು ಮಣ್ಣಿನ ಮಟ್ಟದಿಂದ ಒಂದೆರಡು ಅಂಗುಲ ಕೆಳಗೆ ಕತ್ತರಿಸಿ, ಬೇರು ಮೇಲಾಗಿ ಪೊದೆಯನ್ನು ತಲೆಕೆಳಗು ಮಗುಚಿಡುವ ಒಂದು ಪದ್ಧತಿಯಿದೆ, ದೆಹಲಿಯ ಪ್ರಾಧ್ಯಾಪಕ ಸಿ.ಆರ್. ಬಾಬು ಅವರು ರೂಢಿಗೆ ತಂದದ್ದು. ಮಗುಚಿದ ಬೇರು ಮಣ್ಣು ಕಾಣದೆ ಮತ್ತೆ ಚಿಗುರುವುದಿಲ್ಲ. ಇಲ್ಲಿ ಮಾಡಿದ್ದು ಅದೇ ಪದ್ಧತಿಯಲ್ಲೋ ಅಲ್ಲವೋ ಎಂದು ಕೇಳಲು ಯಾರೂ ಇರಲಿಲ್ಲ, ಒಣಗಿದ ಬೇರುಗಳು ಮಾತ್ರ ಆಕಾಶಕ್ಕೆ ಮುಖಮಾಡಿದ್ದವು. ಅವುಗಳ ನಡುವೆ ಹುಲ್ಲು ಮೊಣಕಾಲೆತ್ತರಕ್ಕೆ ಬೆಳೆದು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಮಲೆ ಮಹದೇಶ್ವರ ಬೆಟ್ಟದ ಕಡೆ ಇದೇ ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಾಗಿಸಿ ಸೋಲಿಗರು ಕುರ್ಚಿ, ಬುಟ್ಟಿ ಮಾಡುತ್ತಾರೆ. ಬಿದಿರಿಗೆ ಬದಲಾಗಿ ಒಳ್ಳೆಯ ಕಸುಬು. ಆದರೆ ಕುರ್ಚಿಗಳಿಂದ ಈ ಕಾಡು ಖಾಲಿಯಾಗುವುದಾದರೆ ಕರ್ನಾಟಕದ ಎಲ್ಲ ಮನೆಗಳಲ್ಲೂ ಕೂರುವವರಿಗಿಂತ ಕುರ್ಚಿಗಳೇ ಹೆಚ್ಚಾಗಬೇಕು ಎಂದು ಸ್ನೇಹಿತ ಲೆಕ್ಕ ಹಾಕಿದ. ಕಾಟಿ ಹುಲ್ಲಿನತ್ತ ಇಳಿಯಿತು, ಬಸ್ಸು ಹೊರಟಿತು.

ಮೈಸೂರು ಮುಟ್ಟಿದ್ದು ರಾತ್ರಿ ಎಂಟಕ್ಕೆ. ಚೀಲದಲ್ಲಿ ಅಜ್ಜ ಕೊಟ್ಟ ಎರಡು ಸೇರು ನೆಲ್ಲಿಕಾಯಿ ಇದ್ದವು. ಮಾರನೆಯ ಬೆಳಿಗ್ಗೆ ಅಮ್ಮ ಅವನ್ನು ಉಪ್ಪಿಗೆ ಹಾಕುತ್ತಿದ್ದಾಗ ನಾನು ದುರ್ಬೀನು ಹಿಡಿದು ಹಿತ್ತಿಲಿಗೆ ಹೋಗಿ ಮಾವಿನ ಮರದ ಕೆಳಗೆ ನಿಂತೆ. ಎಲೆಯುದುರಿಸದ ಮರವಾದ್ದರಿಂದ ಹುಡುಕುವುದಕ್ಕೆ ಹೊತ್ತು ಹಿಡಿಯಿತು. ದಪ್ಪಗಿನ ಬೂದುಹಸಿರು ಎಲೆ, ಸಣ್ಣ ನಳಿಕೆಯಂಥ ಕಿತ್ತಳೆಗೆಂಪು ಹೂ. ಒಂದು, ಎರಡು, ಆರು, ಒಂಬತ್ತು. ಪಡುವಣ ಬದಿಯ ಕೊಂಬೆಗೆ ಬಂದಾಗ ಎಣಿಸುವುದನ್ನು ಬಿಟ್ಟೆ. ನಾಲ್ಕು ವರ್ಷಗಳಿಂದ ಮಾವು ಹಸಿರಾಗಿದೆ ಎಂದು ನಾನು ಹೆಮ್ಮೆಪಡುತ್ತಿದ್ದದ್ದರಲ್ಲಿ ಕಾಲುಭಾಗ ಮಾವಿನದಾಗಿರಲಿಲ್ಲ.

ತೆಂಗಿನಕಾಯಿ ಕೀಳುವವನನ್ನು ಕರೆಸಿ, ಗಂಟು ಇರುವಲ್ಲಿಂದ ಒಂದು ಮೊಳ ಹಿಂದಕ್ಕೆ ಕೊಂಬೆ ಕತ್ತರಿಸು ಎಂದೆ. ಅವನು ಅರ್ಧ ಹತ್ತಿ, ಒಂದು ಕೊಂಬೆಯನ್ನು ಹಿಡಿದು ನಿಂತು ಕೆಳಗೆ ನೋಡಿ, "ಹೂ ಬಿಟ್ಟೈತಲ್ಲ ಸಾ, ಪಾಪ, ಇದನ್ನೂ ಕಡೀಲಾ?" ಎಂದು ಕೇಳಿದ. ಆ ಹೊತ್ತಿಗೆ ಅದೇ ಕೊಂಬೆಯಿಂದ ಚಿಕ್ ಚಿಕ್ ಎನ್ನುತ್ತ ಒಂದು ಹಕ್ಕಿ ಹಾರಿ ಪಕ್ಕದ ಮನೆಯವರ ಸಪೋಟಾ ಮರಕ್ಕೆ ಹೋಯಿತು.